ಕಲಿಕೆ ತೊಡಕಾದ ಮಗು, ತಾಯಿ ಮತ್ತು ಮನೆಮಂದಿ

ಮಗುವಿನ ಕಲಿಕೆಯಲ್ಲಿ ಏನೋ ತೊಡಕಿದೆ ಎಂಬ ಅನುಮಾನ ಸಾಮಾನ್ಯವಾಗಿ ಮೊದಲು ಹುಟ್ಟುವುದು ತಾಯಿಗೆ. ಕತ್ತು ನಿಲ್ಲುವುದು ತಡವಾಗುತ್ತದೆ; ಕೂರುವುದು, ನಡೆಯುವುದು, ಮಾತು ಎಲ್ಲವೂ ಓರಗೆಯ ಮಕ್ಕಳಿಗಿಂತ ಹಿಂದೆ ಬೀಳುತ್ತವೆ. ಇಲ್ಲವೇ ಇದೆಲ್ಲ ಹೊತ್ತಿಗೆ ಸರಿಯಾಗಿಯೇ ಆಗಿ, ಮಾತೂ ಚುರುಕಾಗಿದ್ದು, ಮೂರನೇ ತರಗತಿಗೆ ಬಂದರೂ ಪಾಠದ ನಾಲ್ಕು ಸಾಲು ಓದಲು ಮಗು ತಿಣುಕಾಡುತ್ತದೆ. ಮೊದಲನೆಯದು ಬೌದ್ಧಿಕ ನ್ಯೂನತೆ. ಇದರಲ್ಲಿ ಐಕ್ಯೂ ಸುಮಾರು 70ಕ್ಕಿಂತ ಕೆಳಗಿರುತ್ತದೆ. ಉಣ್ಣುವುದು, ಉಡುವುದು, ಹಣ ಎಣಿಸುವುದು, ನಾಲ್ಕು ಜನರೊಡನೆ ವ್ಯವಹರಿಸುವುದು ಮುಂತಾದ ದಿನಬಳಕೆಯ ಕೌಶಲಗಳಲ್ಲೂ ಮಗು ಹಿಂದುಳಿದಿರುತ್ತದೆ. ಎರಡನೆಯದು ನಿರ್ದಿಷ್ಟ ಕಲಿಕಾ ನ್ಯೂನತೆ. ಇಲ್ಲಿ ಬುದ್ಧಿಶಕ್ತಿ ಸಾಮಾನ್ಯ ಮಟ್ಟದಲ್ಲೇ ಇದ್ದು, ಓದು, ಬರಹ ಅಥವಾ ಲೆಕ್ಕ ಮಾತ್ರ ಕೈಗೆ ಹತ್ತುವುದಿಲ್ಲ. ಓದಿನ ತೊಡಕಿಗಿರುವ ಡಿಸ್ಲೆಕ್ಸಿಯಾ ಎಂಬ ಹೆಸರು ಈಗ ಶಾಲೆಗಳಲ್ಲೂ ಬಳಕೆಯಲ್ಲಿದೆ.

ಸರ್ಕಾರಿ ದಾಖಲೆಯಲ್ಲಿ ಈ ಎರಡರ ವಯಸ್ಸು ಬೇರೆ ಬೇರೆ. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು. ಬುದ್ಧಿಮಾಂದ್ಯ ಎಂಬ ಹೆಸರಿನಲ್ಲಿ ಮೊದಲನೆಯದು ಅದರಲ್ಲಿತ್ತು, ಎರಡನೆಯದು ಇರಲಿಲ್ಲ. 2016ರ ಹಕ್ಕುಗಳ ಕಾಯ್ದೆ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿದಾಗ ಕಲಿಕಾ ನ್ಯೂನತೆಗೂ ಜಾಗ ಸಿಕ್ಕಿತು. 2011ರ ಜನಗಣತಿಯಲ್ಲಿ ಬುದ್ಧಿಮಾಂದ್ಯರೆಂದು ದಾಖಲಾದವರು ಸುಮಾರು 15 ಲಕ್ಷ. ಓದಲು ಬಾರದ ಜಾಣ ಮಕ್ಕಳನ್ನು ಆ ಗಣತಿ ಕೇಳಲೇ ಇಲ್ಲ. ಆದರೆ ಮನೆಯೊಳಗೆ ಹೊಕ್ಕು ನೋಡಿದರೆ ಎರಡೂ ಕಡೆ ಕಾಣುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಮಗುವಿನ ಕೆಲಸ ಯಾರ ಪಾಲಿಗೆ ಬೀಳುತ್ತದೆ? ದೂರು ಯಾರ ಮೇಲೆ ಬೀಳುತ್ತದೆ? ಮನೆಯ ನೆಮ್ಮದಿ ನಿಂತಿರುವುದು ಮಗುವಿನ ನ್ಯೂನತೆಯ ಪ್ರಮಾಣಕ್ಕಿಂತ ಹೆಚ್ಚಾಗಿ ಈ ಎರಡು ಪ್ರಶ್ನೆಗಳ ಉತ್ತರದ ಮೇಲೆ ಎಂಬುದು ಕಳೆದ ಮೂರು-ನಾಲ್ಕು ದಶಕಗಳ ಅಧ್ಯಯನಗಳಿಂದ ಗಟ್ಟಿಯಾಗಿದೆ.

ಬೋಯಿನಪಲ್ಲಿಯ ಸಂಸ್ಥೆ

ಭಾರತದಲ್ಲಿ ಈ ಮನೆಗಳನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದ ಜಾಗಗಳಲ್ಲಿ ಹೈದರಾಬಾದಿಗೆ ಮೊದಲ ಸಾಲಿನ ಸ್ಥಾನವಿದೆ. ನಗರದ ದಿಲ್‌ಸುಖ್‌ನಗರದಲ್ಲಿ ಠಾಕೂರ್ ಹರಿಪ್ರಸಾದ್ ಸಂಸ್ಥೆ 1968ರಲ್ಲೇ ಆರಂಭವಾಗಿತ್ತು, ಸಿಕಂದರಾಬಾದಿನಲ್ಲಿ ಡಾ. ಪಿ. ಹನುಮಂತರಾವ್ ಅವರ ಸ್ವೀಕಾರ್ ಸಂಸ್ಥೆ 1977ರಲ್ಲಿ ಬಂತು. 1984ರಲ್ಲಿ ಕೇಂದ್ರ ಸರ್ಕಾರ ಬೋಯಿನಪಲ್ಲಿಯ ಮನೋವಿಕಾಸ್ ನಗರದಲ್ಲಿ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆಯನ್ನು ಸ್ಥಾಪಿಸಿತು. ಇಂದು ಅದರ ಹೆಸರು ರಾಷ್ಟ್ರೀಯ ಬೌದ್ಧಿಕ ಅಂಗವಿಕಲ ವ್ಯಕ್ತಿಗಳ ಸಬಲೀಕರಣ ಸಂಸ್ಥೆ. ಇಂಗ್ಲಿಷ್ ಮೊದಲಕ್ಷರಗಳಲ್ಲಿ ಎನ್‌ಐಇಪಿಐಡಿ. ಬೀದರ್, ಕಲಬುರಗಿ, ರಾಯಚೂರು ಕಡೆಯ ಮನೆಗಳಿಗೆ ಇದು ಪರರಾಜ್ಯದ ಊರೆನಿಸುವುದಿಲ್ಲ. 1956ರವರೆಗೆ ಆ ಜಿಲ್ಲೆಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ದೊಡ್ಡ ಆಸ್ಪತ್ರೆ ಎಂದರೆ ಹೈದರಾಬಾದ್ ಎಂಬ ರೂಢಿ ಅಲ್ಲಿ ಇನ್ನೂ ಉಳಿದಿದೆ. ಬೀದರಿನವರಿಗಂತೂ ಬೆಂಗಳೂರಿಗಿಂತ ಹೈದರಾಬಾದು ಎಷ್ಟೋ ಹತ್ತಿರ.

ಇಂಥ ಸಂಸ್ಥೆಗೆ ಮಗುವನ್ನು ಮೊದಲ ಸಲ ಕರೆತಂದಾಗ ನಡೆಯುವ ತಪಾಸಣೆಯಲ್ಲೇ ಮನೆಯ ಕೆಲಸದ ಹಂಚಿಕೆ ಬಯಲಾಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಜೆ. ಭರತರಾಜ್ ರೂಪಿಸಿದ ಬೆಳವಣಿಗೆಯ ತಪಾಸಣಾ ಪಟ್ಟಿಯಲ್ಲಿ 88 ಅಂಶಗಳಿವೆ. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನವನ್ನು ಎ. ಜೆ. ಮ್ಯಾಲಿನ್ ನಾಗಪುರದಲ್ಲಿ ಭಾರತಕ್ಕೆ ಹೊಂದಿಸಿದರು. ಎರಡರಲ್ಲೂ ಬಹುಪಾಲು ಉತ್ತರ ಬರಬೇಕಾದದ್ದು ಮಗುವನ್ನು ದಿನವೂ ನೋಡುವವರಿಂದ. ಲೋಟವನ್ನು ತಾನೇ ಹಿಡಿದು ಕುಡಿಯುತ್ತಾನೆಯೇ, ಕಾಲುಚೀಲ ತಾನೇ ಕಳಚುತ್ತಾನೆಯೇ, ಹೇಳದೆ ಬಚ್ಚಲಿಗೆ ಹೋಗುತ್ತಾನೆಯೇ, ಯಾವ ತಿಂಗಳಲ್ಲಿ ಮೊದಲ ಹೆಜ್ಜೆ ಇಟ್ಟ? ಫೈಲು ಹಿಡಿದು ಕೂತ ಅಪ್ಪ ಪಕ್ಕಕ್ಕೆ ತಿರುಗಿ ನೋಡುತ್ತಾನೆ. ಉತ್ತರ ಬರುವುದು ಅಮ್ಮನ ಬಾಯಿಂದ. ತಾಯಂದಿರ ಅಂದಾಜು ಪರೀಕ್ಷೆಯ ಫಲಿತಾಂಶಕ್ಕೆ ಸಾಕಷ್ಟು ಹತ್ತಿರವೇ ಇರುತ್ತದೆ. ಆದರೂ 'ತಾಯಿ ಸುಮ್ಮನೆ ಗಾಬರಿಯಾಗಿದ್ದಾಳೆ, ಗಂಡುಮಕ್ಕಳು ಮಾತು ಕಲಿಯುವುದು ತಡವೇ' ಎಂಬ ಸಮಾಧಾನದ ಮಾತಿನಿಂದ ವರ್ಷಗಳೇ ಕಳೆದುಹೋಗುತ್ತವೆ. ಈ ಸಮಾಧಾನ ಹೇಳುವವರಲ್ಲಿ ಊರಿನ ಡಾಕ್ಟರೂ ಇರುತ್ತಾರೆ.

ದೂರಿನ ಚರಿತ್ರೆ

ತಾಯಿಯ ಮೇಲೆ ದೂರು ಹೊರಿಸುವ ಚಾಳಿ ಹಳ್ಳಿಯ ಕಟ್ಟೆಯದಷ್ಟೇ ಎಂದುಕೊಂಡರೆ ವಿಜ್ಞಾನದ ಚರಿತ್ರೆಗೆ ಅಪಚಾರವಾದೀತು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಅಮೆರಿಕದ ಪಂಡಿತರೇ ಆಟಿಸಂ ಇರುವ ಮಕ್ಕಳ ತಾಯಂದಿರನ್ನು ಫ್ರಿಜ್ಜಿನಂತೆ ತಣ್ಣಗಿನ ಹೆಂಗಸರು ಎಂದು ಕರೆದರು. ಶಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಈ ವಾದವನ್ನು ಮನೆಮನೆಗೆ ಮುಟ್ಟಿಸಿದರು. ಅದಕ್ಕೆ ಮೂರು ವರ್ಷ ಮೊದಲೇ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್, ಆಟಿಸಂನ ಬೇರು ಇರುವುದು ಮಿದುಳಿನ ಬೆಳವಣಿಗೆಯಲ್ಲಿ ಎಂದು ವಾದಿಸಿ ಪುಸ್ತಕ ಬರೆದಿದ್ದರು. ರಿಮ್ಲಂಡ್ ಸ್ವತಃ ಆಟಿಸಂ ಇದ್ದ ಹುಡುಗನ ತಂದೆ. ಅವರ ಮಾತು ನಿಲ್ಲಲು ವರ್ಷಗಳೇ ಹಿಡಿದವು. ಅಷ್ಟರಲ್ಲಿ ಒಂದು ತಲೆಮಾರಿನ ತಾಯಂದಿರು ತಪ್ಪಿತಸ್ಥರಾಗಿ ಬದುಕಿದ್ದರು.

ನಮ್ಮ ಕಡೆ ದೂರಿನ ಭಾಷೆ ಬೇರೆ. ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದು, ಬಯಕೆ ತೀರದಿದ್ದದ್ದು, ದೃಷ್ಟಿ, ಪೂರ್ವಜನ್ಮದ ಕರ್ಮ. ಹೆಚ್ಚಿನ ಮನೆಗಳು ಔಷಧದ ಜೊತೆಗೆ ಹರಕೆಯನ್ನೂ ನಡೆಸುತ್ತವೆ: ಗಾಣಗಾಪುರ, ಕಲಬುರಗಿಯ ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಹೈದರಾಬಾದಿನ ಹೊರಗಿನ ಚಿಲ್ಕೂರು. ಇದರಿಂದ ಮಗುವಿಗೆ ನಷ್ಟವಿಲ್ಲ. ಚಿಕಿತ್ಸೆ ಬಿಟ್ಟು ಇದನ್ನಷ್ಟೇ ಹಿಡಿದು ಎಳೆಯ ವರ್ಷಗಳನ್ನು ಕಳೆದುಕೊಂಡರೆ ಮಾತ್ರ ನಷ್ಟ. ಎಷ್ಟೋ ತಾಯಂದಿರಿಗೆ ಮಗುವಿನ ಜೊತೆ ಹೊಸಿಲು ದಾಟಲು ಸಿಗುವ ಒಂದೇ ನೆವ ಈ ಹರಕೆ.

ಕಾರಣಗಳ ವಿಜ್ಞಾನ ಹೇಳುವುದೇ ಬೇರೆ. ಡೌನ್ ಸಿಂಡ್ರೋಮ್‌ನಲ್ಲಿ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುತ್ತದೆ ಎಂದು 1959ರಲ್ಲಿ ಪ್ಯಾರಿಸ್ಸಿನಲ್ಲಿ ತಿಳಿದುಬಂತು. ಹೆಚ್ಚಾಗಿ ಅಂಡಾಣು ರೂಪುಗೊಳ್ಳುವಾಗ ಆಗುವ ಆ ವಿಭಜನೆಯ ಎಡವಟ್ಟು ಯಾರ ನಡತೆಗೂ ಸೇರಿದ್ದಲ್ಲ. ಹೆರಿಗೆಯ ಹೊತ್ತಿನಲ್ಲಿ ಆಮ್ಲಜನಕದ ಕೊರತೆ, ಅಯೋಡಿನ್ ಕೊರತೆ, ಹುಟ್ಟಿದ ಮೇಲೆ ಬರುವ ಮಿದುಳಿನ ಸೋಂಕು, ತಡೆಯದ ಕಾಮಾಲೆ ಇವೂ ಕಾರಣಗಳೇ. ದಕ್ಷಿಣ ಭಾರತದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕ ಮತ್ತು ಆಂಧ್ರಪ್ರದೇಶದಲ್ಲಿ ಹೆಚ್ಚೂಕಡಿಮೆ ನಾಲ್ಕರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದು. ಗಂಡ-ಹೆಂಡತಿ ಇಬ್ಬರಲ್ಲೂ ಒಂದೇ ದೋಷದ ಜೀನ್ ಸುಮ್ಮನೆ ಕುಳಿತಿದ್ದರೆ ಮಗುವಿಗೆ ಎರಡು ಪ್ರತಿ ಬರುವ ಸಾಧ್ಯತೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲೊಂದು. ಇದರಲ್ಲಿ ತಂದೆಯ ಪಾಲು ಎಷ್ಟೋ ತಾಯಿಯ ಪಾಲೂ ಅಷ್ಟೇ.

ಸೋದರಿಕೆಯ ಮದುವೆ ಮನೆಯ ಮಾತಿನ ದಿಕ್ಕನ್ನೂ ಬದಲಿಸುತ್ತದೆ. ಸೋದರಮಾವನನ್ನೇ ಕಟ್ಟಿಕೊಂಡವಳಿಗೆ ಅತ್ತೆಯೆಂದರೆ ಹೆತ್ತ ತಾಯಿಯ ತಾಯಿ. 'ನಿನ್ನ ಕಡೆಯಿಂದ ಬಂದದ್ದು' ಎಂದು ಬೊಟ್ಟು ಮಾಡಲು ಆ ಮನೆಯಲ್ಲಿ 'ಕಡೆ' ಎನ್ನುವುದೇ ಇರುವುದಿಲ್ಲ, ಆಸರೆಯೂ ಹೆಚ್ಚು ಸಿಗಬಹುದು. ಆದರೆ ಕೆಟ್ಟರೆ ತವರು ಎಂಬ ಬಿಡುಗಡೆಯ ಜಾಗವೂ ಇರುವುದಿಲ್ಲ. ಆನುವಂಶಿಕ ಸಲಹೆ ನೀಡುವವರು ಲೆಕ್ಕವನ್ನಷ್ಟೇ ಹೇಳಿ ಈ ನೆಂಟಸ್ತಿಕೆಯ ಸಿಕ್ಕನ್ನು ಬದಿಗಿಟ್ಟರೆ, ಮನೆಗೆ ಹೋದ ಮೇಲೆ ಆ ಲೆಕ್ಕವೇ ಹೊಸ ಜಗಳಕ್ಕೆ ಕಾರಣವಾಗುತ್ತದೆ.

ಒತ್ತಡ ಎಲ್ಲಿಂದ ಬರುತ್ತದೆ

ಇಂಥ ಮಗುವಿನ ತಾಯಿ ಸದಾ ದುಃಖದಲ್ಲಿರುತ್ತಾಳೆ, ಸಂಸಾರ ಒಡೆಯುತ್ತದೆ ಎಂಬ ಕಲ್ಪನೆ ವ್ಯಾಪಕವಾಗಿದೆ. ಅಂಕಿಗಳು ಅಷ್ಟು ನಾಟಕೀಯವಾಗಿಲ್ಲ. ಜಾರ್ಜ್ ಸಿಂಗರ್ 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಬೆಳವಣಿಗೆಯ ನ್ಯೂನತೆ ಇರುವ ಮಕ್ಕಳ ತಾಯಂದಿರಲ್ಲಿ ಶೇ. 29 ಮಂದಿಗೆ ಖಿನ್ನತೆಯ ಲಕ್ಷಣಗಳಿದ್ದವು. ಉಳಿದ ತಾಯಂದಿರಲ್ಲಿ ಶೇ. 19. ಹೆಚ್ಚಳ ನಿಜ, ಆದರೆ ಹತ್ತರಲ್ಲಿ ಏಳು ಮಂದಿ ಖಿನ್ನರಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ವಿಚ್ಛೇದನದ ಮೇಲಿನ ಪರಿಣಾಮವನ್ನು ಅದೇ ಸಿಂಗರ್ ಮತ್ತು ರಿಸ್ಡಾಲ್ 2004ರಲ್ಲಿ ಅಳೆದಾಗ ಸರಾಸರಿ ಏರಿಕೆ ಶೇ. 6ರ ಆಸುಪಾಸಿನಲ್ಲಿತ್ತು. ಇವು ಹೆಚ್ಚಾಗಿ ಪಶ್ಚಿಮದ ಲೆಕ್ಕ. ನಮ್ಮಲ್ಲಿ ಮುರಿದ ಸಂಸಾರ ಕೋರ್ಟಿಗೆ ಹೋಗುವುದು ಅಪರೂಪ. ತಾಯಿ-ಮಗು ತವರಿಗೆ ಹೋಗಿ ಅಲ್ಲೇ ಉಳಿದುಬಿಡುತ್ತಾರೆ, ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ.

ಒತ್ತಡವನ್ನು ಹೆಚ್ಚಿಸುವುದು ಯಾವುದು? ಬ್ರೂಸ್ ಬೇಕರ್, ಜಾನ್ ಬ್ಲಾಕರ್ ಮತ್ತು ಸಂಗಡಿಗರು ಮೂರು ವರ್ಷದ ಮಕ್ಕಳ ಮನೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ತಂದೆತಾಯಿಯ ಒತ್ತಡ ಮಗುವಿನ ಬುದ್ಧಿಶಕ್ತಿಯ ಮಟ್ಟಕ್ಕಿಂತ ಹೆಚ್ಚಾಗಿ ಅದರ ವರ್ತನೆಯ ಸಮಸ್ಯೆಗಳಿಗೆ, ಅಂದರೆ ರಚ್ಚೆ, ಹೊಡೆತ, ನಿದ್ದೆಗೇಡಿತನಗಳಿಗೆ ಹೊಂದಿಕೊಂಡಿರುತ್ತದೆ. ಮರುವರ್ಷದ ಬರಹದಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು: ಹೆತ್ತವರ ಒತ್ತಡ ಹೆಚ್ಚಿದ್ದ ಮನೆಗಳಲ್ಲಿ ಮಗುವಿನ ವರ್ತನೆ ಮುಂದೆ ಇನ್ನಷ್ಟು ಹದಗೆಡುತ್ತದೆ. ಎರಡೂ ಒಂದನ್ನೊಂದು ಸಾಕುತ್ತವೆ. ಚಿಕಿತ್ಸೆಯ ದೃಷ್ಟಿಯಿಂದ ಇದು ಒಳ್ಳೆಯ ಸುದ್ದಿ. ಐಕ್ಯೂ ಏರಿಸುವುದು ಕಷ್ಟ, ರಚ್ಚೆ ಇಳಿಸುವುದು ಸಾಧ್ಯ.

ಒತ್ತಡ ಮೈಯಲ್ಲಿ ಗುರುತು ಬಿಡುತ್ತದೆ ಎಂಬುದಕ್ಕೂ ಸಾಕ್ಷ್ಯವಿದೆ. 2004ರಲ್ಲಿ ಎಲಿಸ್ಸಾ ಎಪಲ್, ಮುಂದೆ ನೊಬೆಲ್ ಪಡೆದ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಇತರರು 58 ತಾಯಂದಿರ ರಕ್ತ ಪರೀಕ್ಷಿಸಿದರು. ಅವರಲ್ಲಿ 39 ಮಂದಿ ದೀರ್ಘಕಾಲದ ಕಾಯಿಲೆ ಇರುವ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಕ್ರೋಮೋಸೋಮಿನ ತುದಿಯಲ್ಲಿರುವ ಟೆಲೊಮಿಯರ್ ವಯಸ್ಸಾದಂತೆ ಸವೆಯುತ್ತದೆ. ಅತಿ ಹೆಚ್ಚು ಒತ್ತಡ ಹೇಳಿಕೊಂಡ ತಾಯಂದಿರಲ್ಲಿ ಅದು, ಕಡಿಮೆ ಒತ್ತಡದವರಿಗೆ ಹೋಲಿಸಿದರೆ, ಕನಿಷ್ಠ ಹತ್ತು ವರ್ಷದಷ್ಟು ಹೆಚ್ಚು ಸವೆದಿತ್ತು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕಾಯಿಲೆಯ ಮಗುವಿನ ತಾಯಿ ಎಂಬ ಒಂದೇ ಕಾರಣಕ್ಕೆ ಟೆಲೊಮಿಯರ್ ಮೊಟಕಾಗಿರಲಿಲ್ಲ. ಎಷ್ಟು ವರ್ಷ ಆ ಆರೈಕೆ ಹೊತ್ತಿದ್ದಾಳೆ, ಅದು ಅವಳಿಗೆ ಎಷ್ಟು ಭಾರ ಅನಿಸಿದೆ ಎಂಬುದಕ್ಕೆ ಸವೆತ ಹೊಂದಿಕೊಂಡಿತ್ತು.

ಆ ಭಾರದ ಅಡಿಪಾಯ ಎಲ್ಲ ಮನೆಗಳಲ್ಲೂ ಮೊದಲೇ ಬಿದ್ದಿರುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಮಾಡುವ ಗಂಡಸರು 97 ನಿಮಿಷ. ಮಕ್ಕಳು, ಮುದುಕರ ಆರೈಕೆಗೆ ಹೆಂಗಸರು 134, ಗಂಡಸರು 76. ಥೆರಪಿ, ಫಿಸಿಯೋ, ವಿಶೇಷ ಶಾಲೆಯ ಬಸ್ಸಿಗೆ ಕಾಯುವುದು, ಬೆಳೆದ ಮಗುವಿನ ಸ್ನಾನ ಎಲ್ಲವೂ ಈ ಲೆಕ್ಕದ ಮೇಲೆ ಹೇರಿಕೆಯಾಗುತ್ತವೆ.

ತಾಯಿಯೇ ಶಿಕ್ಷಕಿಯಾದಾಗ

1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪೋರ್ಟೇಜ್ ಪಟ್ಟಣದಲ್ಲಿ ಒಂದು ಯೋಜನೆ ಶುರುವಾಯಿತು. ಹಳ್ಳಿಗಾಡಿನ ಚದುರಿದ ಮನೆಗಳಿಗೆ ಶಿಕ್ಷಕಿ ವಾರಕ್ಕೊಮ್ಮೆ ಹೋಗಿ, ಆ ವಾರ ಮಗುವಿಗೆ ಕಲಿಸಬೇಕಾದದ್ದನ್ನು ತಾಯಿಗೆ ತೋರಿಸಿ ಬರುವುದು. ತಜ್ಞರು ಕಡಿಮೆ, ಮಕ್ಕಳು ಹೆಚ್ಚು ಇರುವ ಭಾರತಕ್ಕೆ ಈ ಮಾದರಿ ಹೇಳಿ ಮಾಡಿಸಿದಂತಿತ್ತು. ಬೋಯಿನಪಲ್ಲಿಯ ಸಂಸ್ಥೆ ಆವರಣದಲ್ಲೇ ಕುಟುಂಬ ಕಾಟೇಜುಗಳನ್ನು ಕಟ್ಟಿತು. ದೂರದೂರಿನಿಂದ ಬಂದವರು ಕೆಲವು ದಿನ ಅಲ್ಲಿ ಮಗುವಿನೊಡನೆ ಇದ್ದು, ಒಲೆ ಹಚ್ಚಿ ಅಡುಗೆ ಮಾಡಿಕೊಂಡು, ತರಬೇತಿ ಪಡೆದು ಊರಿಗೆ ಮರಳುತ್ತಾರೆ. ಮನೆಯಂಥದೇ ಜಾಗದಲ್ಲಿ ಕಲಿತದ್ದು ಮನೆಯಲ್ಲಿ ಉಳಿಯುತ್ತದೆ ಎಂಬುದು ಇದರ ತರ್ಕ.

ತರಬೇತಿಯ ತಂತ್ರ ಸರಳ, ಆದರೆ ತಾಳ್ಮೆ ಬೇಡುವಂಥದು. ಅಂಗಿ ಹಾಕಿಕೊಳ್ಳುವುದನ್ನು ಕಲಿಸಬೇಕೆಂದರೆ ಆ ಕೆಲಸವನ್ನು ಹತ್ತಾರು ಸಣ್ಣ ಹೆಜ್ಜೆಗಳಾಗಿ ಒಡೆಯಬೇಕು. ಹೆಚ್ಚಾಗಿ ಕೊನೆಯ ಹೆಜ್ಜೆಯಿಂದ ಆರಂಭ. ತೋಳು ತೂರಿಸಿ, ಕತ್ತು ದಾಟಿಸಿ, ಹೊಟ್ಟೆಯವರೆಗೆ ಎಳೆದು ತಂದ ಬನಿಯನ್ನನ್ನು ಸೊಂಟಕ್ಕೆ ಇಳಿಸುವುದಷ್ಟೇ ಮಗುವಿನ ಕೆಲಸ. ಅದು ಬಂದ ಮೇಲೆ ಹೊಟ್ಟೆಯಿಂದ, ಆಮೇಲೆ ಎದೆಯಿಂದ. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ. ರಚ್ಚೆಗೂ ಇಂಥದೇ ಲೆಕ್ಕಾಚಾರ. ಕಿರುಚುವ ಮೊದಲು ಏನಾಗಿತ್ತು, ಆಮೇಲೆ ಅದಕ್ಕೆ ಏನು ಸಿಕ್ಕಿತು ಎಂದು ತಾಯಿ ವಾರಗಟ್ಟಲೆ ಬರೆದಿಟ್ಟರೆ, ಬಹಳ ಸಲ ಕಿರುಚಾಟದ ಬೆನ್ನಿಗೇ ಬಿಸ್ಕತ್ತೋ ಮೊಬೈಲೋ ಬಂದಿರುವುದು ಕಾಣುತ್ತದೆ. ಇಂಥ ವರ್ತನೆಗಳನ್ನು ಅಳೆಯುವ ಪಟ್ಟಿಯನ್ನು ಸಂಸ್ಥೆಯ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಪ್ರಕಟಿಸಿದರು.

ಈ ಮಾದರಿ ಫಲ ಕೊಟ್ಟಿದೆ, ಸಂಶಯವಿಲ್ಲ. ಆದರೆ ಇದಕ್ಕೊಂದು ಬೆಲೆಯಿದೆ. ಅದರ ಚರ್ಚೆ ಸಾಲದು. ಸರ್ಕಾರಕ್ಕೆ ಅಗ್ಗವಾದದ್ದು ತಾಯಿಗೆ ದುಬಾರಿಯಾಗುತ್ತದೆ. ಮೊದಲು ತಾಯಿ ಮಾತ್ರ ಆಗಿದ್ದವಳು ಈಗ ಸಂಬಳವಿಲ್ಲದ ಸ್ಪೀಚ್ ಥೆರಪಿಸ್ಟು, ಫಿಸಿಯೋ, ವಿಶೇಷ ಶಿಕ್ಷಕಿ. ಮಗು ಮುಂದುವರಿಯದಿದ್ದರೆ 'ಮನೆಯಲ್ಲಿ ಮಾಡಿಸುತ್ತಿಲ್ಲವೇ?' ಎಂಬ ಪ್ರಶ್ನೆ ಥೆರಪಿ ಕೇಂದ್ರದಲ್ಲೇ ಎದುರಾಗುತ್ತದೆ. ಗ್ರಹಣದ ದೂರು ಹೋಗಿ ಮನೆಯಲ್ಲಿ ಮಾಡಿಸಬೇಕಾದ ಅಭ್ಯಾಸದ, ಅಂದರೆ ಹೋಮ್ ಪ್ರೋಗ್ರಾಮಿನ, ದೂರು ಬಂತು. 2020ರ ಲಾಕ್‌ಡೌನಿನಲ್ಲಿ ಕೇಂದ್ರಗಳೆಲ್ಲ ಮುಚ್ಚಿ ಥೆರಪಿ ಮೊಬೈಲ್ ಪರದೆಗೆ ಬಂದಾಗ ಈ ಹಂಚಿಕೆ ಎಷ್ಟು ಓರೆಯಾಗಿದೆಯೆಂಬುದು ಬೆತ್ತಲಾಯಿತು. ಫೋನು ಹಿಡಿಯುವವಳು, ಮಗುವನ್ನು ಹಿಡಿಯುವವಳು, ಹೇಳಿದ್ದನ್ನು ಮಾಡಿಸುವವಳು ಒಬ್ಬಳೇ.

ಹೋಮ್‌ವರ್ಕಿನ ಸಂಜೆ

ನಿರ್ದಿಷ್ಟ ಕಲಿಕಾ ನ್ಯೂನತೆಯ ಮನೆಯಲ್ಲಿ ಜಗಳದ ಹೊತ್ತು ಗೊತ್ತುಪಡಿಸಿದ್ದು: ಸಂಜೆ ಆರರಿಂದ ಒಂಬತ್ತು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡ ಮನೆಯೊಂದರ ಮೂರನೇ ತರಗತಿಯ ಮಗುವನ್ನು ತೆಗೆದುಕೊಂಡರೆ ಅದರ ಮುಂದಿರುವ ರಾಶಿ ಹೀಗಿರುತ್ತದೆ. ಮನೆಯಲ್ಲಿ ಆಡುವುದು ಕನ್ನಡ. ಪಾಠದ ಮಾಧ್ಯಮ ಇಂಗ್ಲಿಷ್. 2018ರ ತೆಲಂಗಾಣ ಕಾಯ್ದೆಯ ಪ್ರಕಾರ ತೆಲುಗು ಕಡ್ಡಾಯ. ಜೊತೆಗೆ ಹಿಂದಿ. ತೆಲುಗಿನ ಲಿಪಿ ಕನ್ನಡಕ್ಕೆ ಒಡಹುಟ್ಟಿದಂಥದು, ತಲೆಕಟ್ಟಿನ ಬಾಗಿನಲ್ಲಷ್ಟೇ ಎಷ್ಟೋ ಅಕ್ಷರಗಳ ವ್ಯತ್ಯಾಸ. ಅಜ್ಜಿ ಮನೆಯಲ್ಲಿ ಕನ್ನಡ ತಿದ್ದಿಸುತ್ತಿದ್ದರೆ ಆ ಗೊಂದಲವೂ ಇದಕ್ಕೆ ಸೇರುತ್ತದೆ.

ಡಿಸ್ಲೆಕ್ಸಿಯಾದ ತಿರುಳಿರುವುದು ಮಾತಿನ ದನಿಗಳನ್ನು ಬಿಡಿಸಿ, ಬರಹದ ಗುರುತುಗಳಿಗೆ ಜೋಡಿಸುವ ಕೆಲಸದಲ್ಲಿ. ಕಣ್ಣಿನ ದೋಷ ಇದಕ್ಕೆ ಕಾರಣವೆಂಬುದು ಹಳೆಯ ನಂಬಿಕೆ. ಇಂಗ್ಲಿಷಿನಲ್ಲಿ 26 ಅಕ್ಷರ, ಕಾಗುಣಿತದ ತಂಟೆಯಿಲ್ಲ, ಆದರೆ ಉಚ್ಚಾರಕ್ಕೂ ಬರಹಕ್ಕೂ ತಾಳವಿಲ್ಲ. ಕನ್ನಡದಲ್ಲಿ ಬರೆದಂತೆ ಓದು, ಆದರೆ 49 ಮೂಲಾಕ್ಷರಗಳ ಮೇಲೆ ಕಾಗುಣಿತದ ನಾನೂರಕ್ಕೂ ಹೆಚ್ಚು ರೂಪಗಳು, ಆಮೇಲೆ ಒತ್ತಕ್ಷರ. ಬೆಂಗಳೂರಿನ ಸೋನಾಲಿ ನಾಗ್ ಕನ್ನಡ ಶಾಲೆಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದಂತೆ, ಯಾವ ತೊಡಕೂ ಇಲ್ಲದ ಮಕ್ಕಳಿಗೂ ಈ ಅಕ್ಷರಗಳ ಮೇಲೆ ಹಿಡಿತ ಬರಲು ನಾಲ್ಕನೇ ತರಗತಿಯವರೆಗೆ ಹಿಡಿಯಬಹುದು. ಹಾಗಾಗಿ ನಮ್ಮ ಲಿಪಿಗಳಲ್ಲಿ ನಿಧಾನ ಯಾವುದು, ನ್ಯೂನತೆ ಯಾವುದು ಎಂದು ಗೆರೆ ಎಳೆಯುವುದು ಕಷ್ಟ. 'ಇನ್ನೊಂದು ವರ್ಷ ನೋಡೋಣ' ಎಂಬ ಶಾಲೆಯ ಮಾತಿಗೆ ಅರ್ಥವಿದೆ. ಆ ಒಂದು ವರ್ಷ ಮನೆಯಲ್ಲಿ ಹೇಗೆ ಕಳೆಯುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಬಾಯಿಪಾಠವಾಗಿ ಒಪ್ಪಿಸಿದ ಪದ್ಯವನ್ನು ಪುಸ್ತಕ ನೋಡಿ ಓದಲಾರದ, ನಿನ್ನೆ ಸರಿಯಾಗಿ ಬರೆದ ಪದವನ್ನು ಇಂದು ತಪ್ಪಾಗಿ ಬರೆಯುವ ಮಗು ಸೋಮಾರಿಯಂತೆಯೋ ಮೊಂಡನಂತೆಯೋ ಕಾಣುವುದು ಸಹಜ. ಡೈರಿಯಲ್ಲಿ ಟೀಚರ್ ಬರೆದ ಟಿಪ್ಪಣಿ ತಾಯಿಗೆ. ಅವಳು ಮಗುವನ್ನು ಕೂರಿಸುತ್ತಾಳೆ, ಹತ್ತು ಸಲ ಬರೆಸುತ್ತಾಳೆ, ಹನ್ನೊಂದನೇ ಸಲ ಕೈ ಎತ್ತುತ್ತಾಳೆ, ರಾತ್ರಿ ಮಲಗಿದ ಮಗುವಿನ ತಲೆ ಸವರಿ ಅಳುತ್ತಾಳೆ. ಕೆಲಸದಿಂದ ಬಂದ ಅಪ್ಪನಿಗೆ ಕಾಣುವುದು ಅಳುವ ಮಗು, ಕೂಗಾಡುವ ಹೆಂಡತಿ. 'ನೀನೇ ಹೆದರಿಸಿ ಹೀಗೆ ಮಾಡಿದ್ದೀಯ' ಎನ್ನಲು ಅಷ್ಟು ಸಾಕು. ವಿಶೇಷ ಶಿಕ್ಷಕರು ಇಲ್ಲಿ ಕೊಡುವ ಸಲಹೆ ಕೆಲವರಿಗೆ ವಿಚಿತ್ರವೆನಿಸುತ್ತದೆ: ಓದಿಸುವ ಕೆಲಸವನ್ನು ತಾಯಿಯಿಂದ ಬಿಡಿಸಿ. ಬೇರೊಬ್ಬರು ದಿನಕ್ಕೆ ಇಪ್ಪತ್ತು ನಿಮಿಷ ದನಿ-ಅಕ್ಷರದ ಪಾಠ ಮಾಡಲಿ. ತಾಯಿ ಪಾಠವನ್ನು ಗಟ್ಟಿಯಾಗಿ ಓದಿ ಹೇಳಲಿ, ಮಗು ಕೇಳಿ ಕಲಿಯಲಿ. ಇದರಿಂದ ಓದು ಸುಧಾರಿಸುವ ಮೊದಲೇ ಸಂಜೆ ಸುಧಾರಿಸುತ್ತದೆ.

ಅಪ್ಪನ 'ನಾನೂ ಐದನೇ ಕ್ಲಾಸಿನವರೆಗೆ ಹೀಗೇ ಇದ್ದೆ, ಆಮೇಲೆ ಸರಿಹೋಯ್ತು' ಎಂಬ ಮಾತನ್ನು ತಜ್ಞರು ಕಿವಿಗೊಟ್ಟು ಕೇಳಬೇಕು. ಅದು ನಿರಾಕರಣೆಯೂ ಹೌದು, ಸಾಕ್ಷ್ಯವೂ ಹೌದು. ಮನೆಯಲ್ಲಿ ಹತ್ತಿರದವರೊಬ್ಬರಿಗೆ ಡಿಸ್ಲೆಕ್ಸಿಯಾ ಇದ್ದರೆ ಮಗುವಿಗೂ ಇರುವ ಪ್ರಮಾಣ ಸರಾಸರಿ ಶೇ. 45 ಎಂದು ಮಾರ್ಗರೆಟ್ ಸ್ನೋಲಿಂಗ್ ಮತ್ತು ಮೋನಿಕಾ ಮೆಲ್ಬಿ-ಲರ್ವಾಗ್ 2016ರಲ್ಲಿ ಲೆಕ್ಕ ಹಾಕಿದ್ದಾರೆ. ಎಷ್ಟೋ ಗಂಡಸರಿಗೆ ತಮ್ಮ ಬಾಲ್ಯದ ಏಟುಗಳಿಗೆ ಕಾರಣ ತಿಳಿಯುವುದು ಮಗನ ವರದಿ ಕೈಗೆ ಬಂದ ದಿನ.

ವರದಿಯ ಮುಂದಿನ ಹೆಜ್ಜೆ ಪ್ರಮಾಣಪತ್ರ. 2018ರ ಕೇಂದ್ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆಯೇ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಸಿಗುತ್ತಿತ್ತು. ಅಳತೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿ. 14 ಮತ್ತು 18ನೇ ವಯಸ್ಸಿನಲ್ಲಿ ಮರುಪರೀಕ್ಷೆ. ಸಾಧಾರಣ ಶಾಲೆಯ ಶಿಕ್ಷಕರೇ ಮಗು ಯಾವ ತರಗತಿಯ ಮಟ್ಟದಲ್ಲಿದೆ ಎಂದು ನೋಡಲು ಬೋಯಿನಪಲ್ಲಿಯ ಜಯಂತಿ ನಾರಾಯಣ್ ಇದಕ್ಕೂ ಬಹಳ ಮೊದಲೇ, 1997ರಲ್ಲಿ, ಒಂದು ಸಾಧನ ರೂಪಿಸಿದ್ದರು. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಬೇಕಾದರೆ ಬರೆದುಕೊಡುವವರ ನೆರವು. ಇಷ್ಟಿದ್ದೂ ಅನೇಕ ಮನೆಗಳು ಅರ್ಜಿ ಹಾಕಲು ಹಿಂಜರಿಯುತ್ತವೆ. 'ಅಂಗವಿಕಲ' ಎಂಬ ಮುದ್ರೆ ಕಾಗದದಲ್ಲಿ ಬಂದರೆ ನಾಳೆ ಮದುವೆಗೆ ಅಡ್ಡಿಯಾದೀತು ಎಂಬ ಭಯ ಹೆಣ್ಣುಮಗುವಾದರೆ ಇನ್ನೂ ಹೆಚ್ಚು.

ಅಜ್ಜಿ, ಅಕ್ಕ, ತಂಗಿ

ರೀಟಾ ಪೇಶಾವರಿಯಾ, ಡಿ. ಕೆ. ಮೆನನ್ ಮತ್ತು ಸಂಗಡಿಗರು ಹೈದರಾಬಾದಿನ ಸಂಸ್ಥೆಯಿಂದ 1995ರಲ್ಲಿ ಪ್ರಕಟಿಸಿದ ಕುಟುಂಬ ಅಧ್ಯಯನದ ಹೆಚ್ಚುಗಾರಿಕೆ ಎಂದರೆ, ಮಗುವಿಗೆ ಏನು ಬೇಕು ಎಂದು ಕೇಳುವ ಬದಲು ಮನೆಮಂದಿಗೆ ಏನು ಬೇಕು ಎಂದು ಕೇಳಿದ್ದು. ತಂದೆತಾಯಿಗೆ ಮೀಸಲಾದ ಪಟ್ಟಿಯಲ್ಲಿ 15 ವಿಭಾಗಗಳ 45 ಪ್ರಶ್ನೆಗಳಿದ್ದವು: ಸ್ಥಿತಿಯ ಬಗ್ಗೆ ಮಾಹಿತಿ, ಮಗುವಿನ ನಿರ್ವಹಣೆ, ಹಾಸ್ಟೆಲ್, ಹಣ, ಲೈಂಗಿಕತೆ, ಮದುವೆ, ಮನೆಯೊಳಗಿನ ಸಂಬಂಧ, ಭವಿಷ್ಯದ ಯೋಜನೆ, ಸರ್ಕಾರಿ ಸವಲತ್ತು. ಒಡಹುಟ್ಟಿದವರಿಗೆ, ಅಜ್ಜ-ಅಜ್ಜಿಯರಿಗೆ ಬೇರೆ ಪಟ್ಟಿಗಳು. ಭಾರತದ ಮನೆಯಲ್ಲಿ ಮಗುವನ್ನು ಸಾಕುವವರು ಇಬ್ಬರೇ ಅಲ್ಲ ಎಂಬ ತಿಳಿವಳಿಕೆ ಈ ವಿನ್ಯಾಸದಲ್ಲೇ ಇದೆ.

ಕೂಡುಕುಟುಂಬ ಆಸರೆ ಎನ್ನುವುದು ಅರ್ಧ ಸತ್ಯ. ಮಗುವನ್ನು ಎತ್ತಿಕೊಳ್ಳುವ ಅಜ್ಜಿಯಿದ್ದರೆ ತಾಯಿ ಕೆಲಸಕ್ಕೆ ಹೋಗಬಲ್ಲಳು, ನಿದ್ದೆ ಮಾಡಬಲ್ಲಳು. ಅದೇ ಅಜ್ಜಿ ಕನಿಕರದಿಂದ ತುತ್ತಿಡುತ್ತಿದ್ದರೆ ಮಗು ತಾನೇ ಉಣ್ಣುವುದನ್ನು ಕಲಿಯುವುದಿಲ್ಲ. ತರಬೇತಿ ಕೊಡುವವರು ಅಜ್ಜಿಯನ್ನು ಎದುರಾಳಿಯಂತೆ ನೋಡುವುದು ಸಾಮಾನ್ಯ ತಪ್ಪು. ಅವಳನ್ನೂ ಕರೆದು ಕೂರಿಸಿ, ಊಟದ ಹೊತ್ತಿನ ಒಂದೇ ಒಂದು ಹೆಜ್ಜೆಯನ್ನು ಅವಳಿಗೇ ವಹಿಸಿದರೆ ಕೆಲಸ ಸಾಗುತ್ತದೆ. ತೆಲಂಗಾಣದ ಕರೀಂನಗರ, ನಿಜಾಮಾಬಾದ್ ಕಡೆ ಗಂಡಸರು ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ಮನೆಗಳಲ್ಲಿ ಉಳಿಯುವುದು ಅತ್ತೆ-ಸೊಸೆಯರ ಜೋಡಿಯೇ. ಅವರಿಬ್ಬರ ಹೊಂದಾಣಿಕೆಯೇ ಅಲ್ಲಿ ಮಗುವಿನ ಚಿಕಿತ್ಸೆಯ ತಳಹದಿ.

ಒಡಹುಟ್ಟಿದವರ ಬಗ್ಗೆ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಕೆಲವರಲ್ಲಿ ಹೊಟ್ಟೆಕಿಚ್ಚು, ನಾಚಿಕೆ. ಕೆಲವರಲ್ಲಿ ವಯಸ್ಸಿಗೆ ಮೀರಿದ ಪ್ರೌಢಿಮೆ. ಎಷ್ಟೋ ಮಕ್ಕಳಲ್ಲಿ ಎರಡೂ. ಅಕ್ಕನಾದವಳು ಎರಡನೇ ತಾಯಿಯಾಗುವುದು ನಮ್ಮಲ್ಲಿ ಯಾರ ಗಮನಕ್ಕೂ ಬಾರದಷ್ಟು ಸಹಜ. ತಮ್ಮನನ್ನು ಶಾಲೆಯಲ್ಲಿ ಅಣಕಿಸಿದಾಗ ಏನು ಹೇಳಬೇಕು, ಇದು ತನಗೂ ಬರುತ್ತದೆಯೇ, ಮುಂದೆ ಇವನನ್ನು ನೋಡಿಕೊಳ್ಳಬೇಕಾದವಳು ತಾನೇ ಏನು ಎಂಬ ಪ್ರಶ್ನೆಗಳನ್ನು ಅವಳು ಮನೆಯಲ್ಲಿ ಕೇಳುವುದಿಲ್ಲ. ಅಮ್ಮನಿಗೆ ನೋವಾಗುತ್ತದೆಂದು ಸುಮ್ಮನಾಗುತ್ತಾಳೆ.

ಹೆಣ್ಣುಮಗು ಮೈನೆರೆದಾಗ ತಾಯಿ ಇನ್ನಷ್ಟು ಒಂಟಿಯಾಗುತ್ತಾಳೆ. ಪ್ಯಾಡ್ ಬದಲಿಸುವುದನ್ನು ಕಲಿಸಬೇಕು, ಮೈಮುಟ್ಟುವವರ ಬಗ್ಗೆ ಎಚ್ಚರಿಸಬೇಕು. ಈ ಮಾತು ಮನೆಯ ಗಂಡಸರ ಮುಂದೆ ಬರುವುದೇ ಇಲ್ಲ. ಗರ್ಭಕೋಶವನ್ನೇ ತೆಗೆಸಿಬಿಡೋಣ ಎಂಬ ಆಲೋಚನೆ ಹೆದರಿದ ಮನೆಗಳಲ್ಲಿ ಸುಳಿಯುತ್ತದೆ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ಆಶ್ರಯಧಾಮದ ಹುಡುಗಿಯರಿಗೆ ಪುಣೆಯಲ್ಲಿ ಹೀಗೆ ಶಸ್ತ್ರಚಿಕಿತ್ಸೆ ಮಾಡಿದ್ದು ದೇಶವ್ಯಾಪಿ ವಿವಾದವಾಯಿತು. ಹೆಜ್ಜೆ ಹೆಜ್ಜೆಯಾಗಿ ಕಲಿಸಿದರೆ ಸೌಮ್ಯ ಮತ್ತು ಮಧ್ಯಮ ನ್ಯೂನತೆಯ ಹುಡುಗಿಯರಲ್ಲಿ ಹೆಚ್ಚಿನವರು ಮುಟ್ಟಿನ ದಿನಗಳನ್ನು ತಾವೇ ನಿಭಾಯಿಸಬಲ್ಲರು. ಶಸ್ತ್ರಚಿಕಿತ್ಸೆ ದೌರ್ಜನ್ಯವನ್ನು ತಡೆಯುವುದಿಲ್ಲ, ಅದರ ಕುರುಹನ್ನು ಅಳಿಸುತ್ತದೆ ಅಷ್ಟೇ.

ಸೈಮನ್ ಓಲ್ಶಾನ್ಸ್ಕಿ 1962ರಲ್ಲಿ ಹೇಳಿದ ಒಂದು ಮಾತು ಈ ಹಂತಗಳನ್ನೆಲ್ಲ ಬೆಸೆಯುತ್ತದೆ. ತಂದೆತಾಯಿಯ ದುಃಖ ಒಮ್ಮೆ ಬಂದು, ಹಂತ ಹಂತವಾಗಿ ಇಳಿದು ಮುಗಿಯುವಂಥದಲ್ಲ. ಶಾಲೆಗೆ ಸೇರಿಸುವ ವಯಸ್ಸು, ಓರಗೆಯವರ ಹತ್ತನೇ ತರಗತಿ, ತಂಗಿಯ ಮದುವೆ ಹೀಗೆ ಬದುಕಿನ ತಿರುವುಗಳಲ್ಲಿ ಮರುಕಳಿಸುತ್ತದೆ, ಅದು ಕಾಯಿಲೆಯಲ್ಲ, ಸಹಜ ಸ್ಪಂದನ. 'ಇನ್ನೂ ಒಪ್ಪಿಕೊಂಡಿಲ್ಲ' ಎಂದು ತಾಯಿಯ ಫೈಲಿನಲ್ಲಿ ಬರೆಯುವ ಮುನ್ನ ಆಪ್ತಸಲಹೆಗಾರರು ಇದನ್ನು ನೆನೆಯುವುದು ಒಳ್ಳೆಯದು.

ಹಣ, ಕಾಗದ, ಪೋಷಕತ್ವ

ಬೌದ್ಧಿಕ ನ್ಯೂನತೆಯ ಮನೆಗೆ ಸಿಗುವ ನೆರವಿನ ಬಾಗಿಲು ಪ್ರಮಾಣಪತ್ರ. ತೆಲಂಗಾಣ, ಆಂಧ್ರಗಳಲ್ಲಿ ಜನ ಅದನ್ನು 'ಸದರಂ' ಎನ್ನುತ್ತಾರೆ. ಸದರಂ ಶಿಬಿರಕ್ಕೆ ಮಗುವನ್ನು ಹೊತ್ತು ಸಾಲಿನಲ್ಲಿ ನಿಲ್ಲುವವಳು ಬಹುತೇಕ ತಾಯಿಯೇ. ಅದರ ಆಧಾರದ ಮೇಲೆ ಸಿಗುವ ತೆಲಂಗಾಣದ ಮಾಸಿಕ ಪಿಂಚಣಿ 2023ರಲ್ಲಿ ₹4,016ಕ್ಕೆ ಏರಿತು. ಕೇಂದ್ರ ಸರ್ಕಾರಿ ನೌಕರಿಯ ಮಹಿಳೆಗೆ ಒಟ್ಟು 730 ದಿನಗಳ ಶಿಶುಪಾಲನಾ ರಜೆ ಉಂಟು. ಅಂಗವಿಕಲ ಮಕ್ಕಳ ತಾಯಂದಿರಿಗೆ ಈ ರಜೆ ನಿರಾಕರಿಸುವುದು ಸರಿಯಲ್ಲ ಎಂಬ ನಿಲುವನ್ನು ಹಿಮಾಚಲಪ್ರದೇಶದ ಒಬ್ಬ ಕಾಲೇಜು ಅಧ್ಯಾಪಕಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ತಳೆಯಿತು. ಮನೆಗೆಲಸದವರು, ಬೀಡಿ ಕಟ್ಟುವವರು, ಕೂಲಿಯವರ ಪಾಲಿಗೆ ರಜೆ ಎಂದರೆ ಆ ದಿನದ ಕೂಲಿ ಇಲ್ಲ.

ಹೆತ್ತವರ ಸಂಘಗಳು ಹುಟ್ಟಿದ್ದು 'ನಾವು ಹೋದ ಮೇಲೆ ಯಾರು?' ಎಂಬ ಪ್ರಶ್ನೆಯಿಂದ. ಅವುಗಳ ರಾಷ್ಟ್ರೀಯ ಒಕ್ಕೂಟ 'ಪರಿವಾರ್' 1995ರಲ್ಲಿ ರೂಪುಗೊಂಡಿತು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಈ ಪ್ರಶ್ನೆಗೆ ಸರ್ಕಾರ ಕೊಟ್ಟ ಉತ್ತರ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಮತ್ತು ಬಹುವಿಧ ನ್ಯೂನತೆ ಇರುವವರು ಅದರ ವ್ಯಾಪ್ತಿಗೆ ಬರುತ್ತಾರೆ. ಅವರಿಗಾಗಿ ನಿರಾಮಯ ಎಂಬ ಆರೋಗ್ಯ ವಿಮೆಯೂ ಇದೆ, ಮಿತಿ ಒಂದು ಲಕ್ಷ ರೂಪಾಯಿ. ಕಲಿಕಾ ನ್ಯೂನತೆ ಇಲ್ಲಿ ಸೇರಿಲ್ಲ. ಹದಿನೆಂಟು ದಾಟಿದ ಡಿಸ್ಲೆಕ್ಸಿಯಾದ ಹುಡುಗ ತನ್ನ ಸಹಿ ತಾನೇ ಹಾಕಬಲ್ಲ, ಪೋಷಕರ ಅಗತ್ಯ ಅವನಿಗಿಲ್ಲ.

ಬೌದ್ಧಿಕ ನ್ಯೂನತೆ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಕಾನೂನಿನ ಪ್ರಕಾರ ತಂದೆತಾಯಿಯೂ ತಾವಾಗಿಯೇ ಪೋಷಕರಾಗಿ ಮುಂದುವರಿಯುವುದಿಲ್ಲ. ಜಿಲ್ಲಾಧಿಕಾರಿ, ಒಂದು ಸ್ವಯಂಸೇವಾ ಸಂಸ್ಥೆಯ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಪೋಷಕರಾಗಿ ತಂದೆತಾಯಿಯೋ, ಒಡಹುಟ್ಟಿದವರೋ, ಬೇರೆ ನೆಂಟರೋ, ನೋಂದಾಯಿತ ಸಂಸ್ಥೆಯೋ ನೇಮಕವಾಗಬಹುದು. ನೇಮಕವಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಸಲ್ಲಿಸಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯವೋ ಆಸ್ತಿಯ ದುರುಪಯೋಗವೋ ಕಂಡರೆ ಮನೆಯ ಯಾರೇ ಆಗಲಿ ಸಮಿತಿಗೆ ದೂರು ಕೊಟ್ಟು ಪೋಷಕರನ್ನು ಬದಲಿಸುವಂತೆ ಕೇಳಬಹುದು. ಹೆಚ್ಚಿನ ತಾಯಂದಿರು ಈ ಅರ್ಜಿಯನ್ನು ವರ್ಷಗಟ್ಟಲೆ ಮುಂದೂಡುತ್ತಾರೆ. ಬ್ಯಾಂಕಿನಲ್ಲಿ ಮಗುವಿನ ಹೆಸರಿಗೆ ಖಾತೆ ತೆರೆಯಲು ಹೋದಾಗಲೋ, ತಂದೆ ತೀರಿಕೊಂಡು ಕುಟುಂಬ ಪಿಂಚಣಿ ವರ್ಗಾಯಿಸುವಾಗಲೋ ಕಾಗದ ಬೇಕೆಂದು ಗೊತ್ತಾಗುತ್ತದೆ. ಆಗ ಜಿಲ್ಲಾಧಿಕಾರಿ ಕಚೇರಿಗೆ ತಾಯಿಯ ಜೊತೆ ಬರುವುದು ಸಾಮಾನ್ಯವಾಗಿ ಮದುವೆಯಾಗಿ ಬೇರೆ ಊರಲ್ಲಿರುವ ಮಗಳು. ಅರ್ಜಿಯಲ್ಲಿ ಮುಂದಿನ ಪೋಷಕಿ ಎಂದು ಬರೆಸುವುದೂ ಅವಳ ಹೆಸರನ್ನೇ.